ಮುಂದೆ ತವರು, ಹಿಂದೆ ಅತ್ತೆಮನೆ

...ಅಥವಾ ಬೀಗದ ಕೈ ಒಂದೇ ಇತ್ತೇನೋ. ಗೌರವ್ವನನ್ನು ನೆನೆದಾಗಲೆಲ್ಲ ಆಕೆಯ ಸೊಂಟದಲ್ಲಿ ಎರಡು ಬೀಗದ ಕೈಗಳು ಒಂದಕ್ಕೊಂದು ತಾಗಿ ಸಪ್ಪಳ ಮಾಡುತ್ತವೆ: ಒಂದು ಮುಂಬಾಗಿಲಿನದು, ಇನ್ನೊಂದು ಹಿತ್ತಲ ಬಾಗಿಲಿನದು. ಆದರೆ ಮುಂದೆ ನಡೆದದ್ದಕ್ಕೆ ಎರಡು ಬಾಗಿಲು ಬೇಕು. ಅದಕ್ಕಾಗಿ ಎರಡನೆಯದನ್ನು ನಾನೇ ಆಮೇಲೆ ಸೇರಿಸಿರಬಹುದು. ನೆನಪಿಗೆ ಇಂಥ ಚಟವಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹಾನಗಲ್ಲಿನಲ್ಲಿ ಒಬ್ಬ ವಕೀಲರು ಮುದುಕಿಯರಿಗೆಂದು ಒಂದು ಮನೆ ತೆರೆದು ಹನ್ನೆರಡು ಮಂಚ ಹಾಕಿಸಿದರು. ದವಾಖಾನೆಯಲ್ಲಿ ಆಯಾ ಆಗಿ ನಿವೃತ್ತಳಾಗಿದ್ದ ಗೌರವ್ವನನ್ನು ಮೇಲ್ವಿಚಾರಕಿ ಮಾಡಿದರು, ನನ್ನನ್ನು ಕಾರಕೂನ. ಬಾಗಿಲ ಮೇಲೆ ‘ವೃದ್ಧಾಶ್ರಮ’ ಎಂದು ದಪ್ಪಕ್ಷರದಲ್ಲಿ ಬರೆಸಿದರು. ನಾಲ್ಕು ತಿಂಗಳು ಮಂಚಗಳ ಮೇಲೆ ಬೆಕ್ಕು ಮಲಗಿತು.

“ವಕೀಲರ, ಆ ಬೋರ್ಡ್ ತಗೀರಿ,” ಎಂದಳು ಗೌರವ್ವ. “ಅದನ್ನ ಓದಿ ಯಾವ ಮಗಾ ಹಾಡಹಗಲ ಹಡದವ್ವನ್ನ ಒಳಗ ಕರ್ಕೊಂಡು ಬರ್ತಾನ್ರಿ?”

“ಮತ್ತ ಏನಂತ ಬರಸೂಣು?”

“ತವರುಮನಿ ಅಂತ ಬರಸ್ರಿ. ತವರಿಗೆ ಹೋದಾಕಿನ್ನ ಯಾರೂ ಆಡ್ಕೊಳ್ಳಂಗಿಲ್ಲ.”

ಫಲಕ ಬದಲಾಯಿತು. ಗೌರವ್ವ ಅಕ್ಕಿಆಲೂರಿನ ಸಂತೆಯಲ್ಲಿ ಒಂದು ಸುತ್ತು ಮಾತಾಡಿ ಬಂದಳು, ಅಷ್ಟೇ. ಹೆಣ್ಣುಮಕ್ಕಳು ತವರಿಗೆ ಬರುವ ನಾಗರಪಂಚಮಿಯ ಹೊತ್ತಿಗೆ ಹನ್ನೆರಡೂ ಮಂಚ ತುಂಬಿದ್ದವು. ಮಕ್ಕಳು ತಲೆ ಎತ್ತಿಕೊಂಡೇ ಬಂದರು: “ಅವ್ವನ್ನ ತವರಿಗೆ ಬಿಡಾಕ ಬಂದೇವ್ರಿ.” ಬೆಕ್ಕು ಬೇರೆ ಮನೆ ನೋಡಿಕೊಂಡಿತು.

ಕೆಲಸಕ್ಕೆ ಹೆಣ್ಣುಮಕ್ಕಳನ್ನು ಆರಿಸುವಾಗ ಗೌರವ್ವ ಓದು ಕೇಳುತ್ತಿರಲಿಲ್ಲ, ಅನುಭವವನ್ನೂ ಕೇಳುತ್ತಿರಲಿಲ್ಲ. ಬಂದವಳನ್ನು ಒಬ್ಬ ಮುದುಕಿಯ ಪಕ್ಕದಲ್ಲಿ ಕೂರಿಸುತ್ತಿದ್ದಳು. ಮುದುಕಿ ಒಂದೇ ಕಥೆಯನ್ನು ಮೂರು ಸಲ ಹೇಳುತ್ತಿದ್ದಳು. ಮೂರನೆಯ ಸಲವೂ “ಹೂಂ, ಮುಂದ?” ಎಂದವಳಿಗೆ ಕೆಲಸ. “ಆಗಳೇ ಹೇಳಿದ್ರಲ್ಲವ್ವಾ” ಎಂದವಳಿಗೆ ಚಹಾ ಕೊಟ್ಟು ಕಳಿಸುವುದು. “ಕಾರಕೂನ್ರ, ಮೈ ತೊಳಿಯೂದು ಯಾರಿಗರ ಕಲಸಬಹುದು,” ಎನ್ನುತ್ತಿದ್ದಳು. “ಹೂಂ ಅನ್ನೂದು ಕಲಸಾಕ ಆಗಂಗಿಲ್ಲ.” ಎಂ.ಎ. ಮಾಡಿದ್ದ ವಕೀಲರ ಸೊಸೆ ಎರಡನೆಯ ಸಲಕ್ಕೇ ಚಹಾ ಕುಡಿದು ಹೋದಳು.

ಆದರೆ ಹೆಸರಿಟ್ಟ ಮೇಲೆ ಹೆಸರು ತನ್ನ ಕೆಲಸ ಮಾಡುತ್ತದೆ. ಪಂಚಮಿಯ ಉಂಡಿ ತಿಂದು, ಜೋಕಾಲಿ ಬಿಚ್ಚಿದ ಮರುದಿನ, ಸವಣೂರಿನ ಕಡೆಯ ಬಸವ್ವ ಗಂಟು ಕಟ್ಟಿಕೊಂಡು ಮುಂಬಾಗಿಲ ಕಟ್ಟೆಯ ಮೇಲೆ ಕುಳಿತಳು. ಹಬ್ಬ ಮುಗಿಯಿತು, ಇನ್ನು ಅತ್ತೆಮನೆಯವರು ಕರೆಯಲು ಬರಬೇಕು. ತಾಟು ಮುಟ್ಟಲಿಲ್ಲ.

“ಉಣ್ಣು ಬಾರವ್ವ,” ಎಂದಳು ಗೌರವ್ವ.

“ಹಬ್ಬದ ಮ್ಯಾಲೂ ತವರಾಗ ಉಳದ್ರ ಮಂದಿ ಏನಂದಾರು? ಕರಿಯಾಕ ಬರೂತನಕ ಇಲ್ಲಿ ಅನ್ನ ನನಗ ಬ್ಯಾಡ.”

ಅವಳ ಮಗನಿಗೆ ನಾನು ಕಾರ್ಡು ಬರೆದೆ: ‘ತಾಯಿಯವರನ್ನು ಕರೆದುಕೊಂಡು ಹೋಗಲು ಬರತಕ್ಕದ್ದು.’ ಒಂದು ದಿನದ ಮಟ್ಟಿಗೆ ಎಂದು ಬರೆಯಲು ಮರೆತೆ. ಹೊರಗೆ ಹಾಕುತ್ತಿದ್ದಾರೆಂದು ಮಗ ಹೆದರಿದ. ಮೂರನೆಯ ದಿನ ಉತ್ತರ ಬಂತು: ‘ನಮ್ಮವ್ವನ ತಪ್ಪು ಹೊಟ್ಯಾಗ ಹಾಕ್ಕೊಂಡು ಅಲ್ಲೇ ಇಟ್ಟುಕೋರಿ.’ ಬಸವ್ವ ಅಷ್ಟರಲ್ಲಿ ಬರೀ ನೀರಿನ ಮೇಲಿದ್ದಳು, ಎದ್ದರೆ ತೂರಾಡುತ್ತಿದ್ದಳು. ಗೌರವ್ವ ಕಾರ್ಡನ್ನು ಓದಿಸಿಕೊಂಡು ಒಲೆಗೆ ಹಾಕಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಟಾಂಗಾ ತರಸ್ರಿ,” ಎಂದಳು.

“ನಿನ್ನ ಮಗಾ ಟಾಂಗಾ ಕಳಿಸ್ಯಾನ” ಎಂದು ಬಸವ್ವನನ್ನು ಗಂಟಿನ ಸಮೇತ ಮುಂಬಾಗಿಲಿನಿಂದ ಹತ್ತಿಸಿದೆವು. ಟಾಂಗಾ ಆನೆಕೆರೆಯ ಕಡೆ ಹೋಗಿ, ಸುತ್ತು ಹಾಕಿ, ಹಿತ್ತಲ ಬಾಗಿಲಿಗೆ ಬಂತು. ಅಲ್ಲಿ ಗೌರವ್ವ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು.

“ಬಂದೇನವಾ? ತವರಾಗ ಹಬ್ಬ ಹ್ಯಾಂಗಾತು?”

ಬಸವ್ವ ಕಾಲು ತೊಳೆದುಕೊಂಡಳು. ಸುತ್ತ ನೋಡಿದಳು. “ಚಲೋ ಆತು. ಬುತ್ತಿ ಮಾತ್ರ ಕಟ್ಟಲಿಲ್ಲ ನೋಡು, ಜಿಪುಣರು,” ಎಂದು ಒಳಗೆ ಹೋಗಿ ಎರಡು ರೊಟ್ಟಿ ಉಂಡಳು.

ಅವಳಿಗೆ ಗೊತ್ತಾಗಿತ್ತೇ? ನಕ್ಕಂತೆ ನೆನಪು. ಆ ನಗುವನ್ನೂ ನಾನೇ ಸೇರಿಸಿರಬಹುದು. ಮರುವರ್ಷ ಪಂಚಮಿ ಮುಗಿದದ್ದೇ ಹನ್ನೆರಡು ಗಂಟುಗಳು ಕಟ್ಟೆಯ ಮೇಲೆ ಸಾಲಾಗಿ ಕುಳಿತವು. ಟಾಂಗಾ ನಾಲ್ಕು ಸುತ್ತು ಹೊಡೆಯಿತು. ವಕೀಲರು ವಾರ್ಷಿಕ ವರದಿಯಲ್ಲಿ ‘ನಿವಾಸಿಗಳು ವಾಯುವಿಹಾರಕ್ಕೆ ಹೋಗುತ್ತಾರೆ’ ಎಂದು ಬರೆಸಿದರು.

ನನಗೆ ಶಿಗ್ಗಾವಿಯಲ್ಲಿ ನೌಕರಿ ಸಿಕ್ಕಿತು. ಐದಾರು ವರ್ಷಗಳ ಮೇಲೆ ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಗೌರವ್ವ ಸಿಕ್ಕಳು. ತೊಡೆಯ ಮೇಲೆ ಗಂಟು. ಸೊಂಟದಲ್ಲಿ ಬೀಗದ ಕೈಗಳಿರಲಿಲ್ಲ.

“ಯಾವ ಕಡೆ ಹೊಂಟೀರಿ?”

“ಹಿರೇಕೆರೂರಿಗೆ, ತಮ್ಮನ ಮನಿಗೆ. ತವರಲ್ಲೇನ್ರಿ! ಕೂಡ್ರಿ ಕಾರಕೂನ್ರ. ಬಸವ್ವನ ಟಾಂಗಾದ್ದು ನೆನಪೈತಿ?”

ಕಥೆ ಹೇಳಿದಳು. ಚೆನ್ನಾಗಿ ನಕ್ಕೆವು. ಸ್ವಲ್ಪ ಹೊತ್ತಿಗೆ, “ಬಸವ್ವನ ಟಾಂಗಾದ್ದು ನೆನಪೈತೇನ್ರಿ?” ಎಂದು ಮತ್ತೆ ಮೊದಲಿನಿಂದ ಹೇಳಿದಳು. ನಾನು ಹೂಂ ಎಂದೆ. ಶಿಗ್ಗಾವಿಯ ಬಸ್ಸು ಬಂದು ನಿಂತಿತು. ಆಕೆ ನನ್ನ ಕೈ ಹಿಡಿದು ಮೂರನೆಯ ಸಲ ಶುರು ಮಾಡಿದಳು.

ಬಸ್ಸು ಹತ್ತಿದ್ದು ನೆನಪಿದೆ, ಕಿಟಕಿಯ ಪಕ್ಕ ಜಾಗ ಸಿಕ್ಕಿದ್ದೂ ನೆನಪಿದೆ. ಅದಕ್ಕೆ ಮೊದಲು ಆಕೆಗೆ ನಾನು ಏನೆಂದೆ ಎಂಬುದು ಗೊತ್ತಿಲ್ಲ.