ನೊಯಲೀನ್ ಅಜ್ಜಿಯ ನೀರಿಳಿದ ರಜೆ

ಯೂಕಂಬೀನ್ ಜಲಾಶಯಕ್ಕೆ ರಜೆಗೆ ಹೋಗುವವರೆಲ್ಲ ನೀರು ತುಂಬಲೆಂದು ಕಾದರೆ, ನೊಯಲೀನ್ ಅಜ್ಜಿ ನೀರು ಇಳಿಯಲೆಂದು ಕಾಯುತ್ತಾಳೆ. ಬೆಳಿಗ್ಗೆ ಬ್ರೆಡ್ಡಿಗೆ ವೆಜಿಮೈಟ್ ಸವರುವ ಮೊದಲೇ ಅವಳಿಗೆ ನೀರಿನ ಮಟ್ಟ ಗೊತ್ತಾಗಬೇಕು. ಅರವತ್ತು ಪರ್ಸೆಂಟ್ ಎಂದರೆ ಮುಖ ಸಪ್ಪೆಯಾಗುತ್ತದೆ. ಮೂವತ್ತು ಎಂದರೆ ಹುಡುಗಿಯಂತೆ ಜಿಗಿದು ಫೋನಿಗೆ ಕೈ ಹಾಕುತ್ತಾಳೆ. ಟೆಂಟು ಯಾರು ತರಬೇಕು, ಸಾಸೇಜು ಎಷ್ಟು ಬೇಕು, ಐಸ್ ಪೆಟ್ಟಿಗೆಯಲ್ಲಿ ಕೇಕು ಬಿಯರಿನ ಮೇಲಿರಬೇಕೋ ಕೆಳಗೋ, ಎಲ್ಲ ಅವಳದೇ ಅಪ್ಪಣೆ. "ಅಮ್ಮಾ, ದೋಣಿ ಇಳಿಸೋಕೆ ನೀರೆಲ್ಲಿದೆ? ಬರೀ ಕೆಸರು!" ಎಂದು ಮಗ ಡ್ಯಾರಿಲ್ ಗೊಣಗಿದರೆ, "ದೋಣಿ ಯಾರಿಗೆ ಬೇಕೋ? ಬೂಟು ತಗೊಂಡ್ ಬಾ" ಎನ್ನುತ್ತಾಳೆ. ಎಪ್ಪತ್ತೆಂಟರ ಈ ಹೆಂಗಸು ಮೊಣಕಾಲುದ್ದದ ಕೆಸರಿನಲ್ಲಿ ಎಲ್ಲರಿಗಿಂತ ಮುಂದೆ. ಹಿಂದೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಬಿದ್ದು ಎದ್ದು ನಗುವ ಮೆರವಣಿಗೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನ ಒಂದು ಮನೆಯ ಮೂರು ಮೆಟ್ಟಿಲು ಅಲ್ಲಿ ಮೇಲೆದ್ದಿರುತ್ತವೆ. ಗೋಡೆಯಿಲ್ಲ, ಬಾಗಿಲಿಲ್ಲ, ಸೂರಿಲ್ಲ. ಅವಳು ಮೇಲಿನ ಮೆಟ್ಟಿಲೇರಿ, ತಾನು ಹುಟ್ಟಿದ ಆ ಮನೆಯ ಹೊಸ್ತಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಕೂಗುತ್ತಾಳೆ: "ಏಯ್, ಕಾಲು ಒರೆಸ್ಕೊಂಡು ಬನ್ರೋ! ನಮ್ಮಮ್ಮ ಈಗಷ್ಟೇ ನೆಲ ಒರೆಸಿದ್ದಾಳೆ." ಸುತ್ತ ಕಣ್ಣು ಹಾಯಿಸಿದಷ್ಟೂ ಕೆಸರು, ಆದರೂ ಡ್ಯಾರಿಲ್ ಬೂಟು ಬಿಚ್ಚುತ್ತಾನೆ.