ಬಚ್ಚಲಿಗೆ ಬೇಕಾದ ಗಾಳಿ

ಚಿಂತೆ ಮಾಡುವುದರಲ್ಲಿ ನನಗೊಂದು ಶಿಸ್ತಿದೆ. ಮನೆಯವರ ಬಸ್ಸು ತಡವಾದರೆ ಅಪಘಾತ. ಫೋನು ಎತ್ತದಿದ್ದರೆ ದವಾಖಾನೆ. ಎತ್ತಿದರೆ, ದವಾಖಾನೆಯಿಂದಲೇ ಎತ್ತಿದ್ದಾರೇನೋ ಎಂಬ ಅನುಮಾನ. ಇಂಥವನ ಪಾಲಿಗೆ ಬೆಂಕಿ, ನೀರು, ಗ್ಯಾಸು ಒಟ್ಟಿಗೆ ಸಂಸಾರ ಮಾಡುವ ಯಂತ್ರವೊಂದನ್ನು ಆರಿಸಿ ತರುವ ಕೆಲಸ ಬಂದದ್ದು ಅವ್ವನ ದಮ್ಮಿನ ದೆಸೆಯಿಂದ.

ಗಜೇಂದ್ರಗಡದ ನಮ್ಮ ಮನೆಯ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಒಲೆಗೆ ಹತ್ತಿಕಟ್ಟಿಗೆ. ಉರಿ ಕಡಿಮೆ, ಹೊಗೆ ಜಾಸ್ತಿ. ಆಯುಷ್ಯವನ್ನೆಲ್ಲ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದ ಅವ್ವನ ಮೊಣಕಾಲಿಗೆ ಬಿಸಿನೀರೊಂದೇ ಔಷಧ. ಆದರೆ ಆ ನೀರು ಕಾಯಿಸುವ ಹೊಗೆಯೇ ಆಕೆಯ ಎದೆಗೆ ವಿಷವಾಗಿತ್ತು. ಕಾಲು ಸಡಿಲಾಗುವ ಹೊತ್ತಿಗೆ ಉಸಿರು ಬಿಗಿಯುತ್ತಿತ್ತು. ಡಾಕ್ಟರು ಆಕೆಯ ಬೆನ್ನಿಗೆ ಕೊಳವೆ ಇಟ್ಟು ಕೇಳಿ, "ಮೊದಲ ಹೊಗಿ ಬಿಡಸ್ರಿ, ಗುಳಿಗಿ ಮಾತು ಆಮ್ಯಾಲ" ಎಂದರು.

ಕರೆಂಟಿನ ಗೀಸರು ನನಗೆ ಬೇಡವಾಗಿತ್ತು. ಒದ್ದೆ ಕೈ, ಹಳೆಯ ವೈರಿಂಗು. ಇನ್ನು ಸೋಲಾರ್ ಎಂದರೆ ನಮ್ಮದು ಮಣ್ಣಿನ ಮಾಳಿಗೆ. ನೀರು ತುಂಬಿದ ಟಾಕಿ ಜಂತಿ ಮುರಿದುಕೊಂಡು ನಡುಮನೆಗೆ ಇಳಿಯುವುದನ್ನು ನಾನು ಕಣ್ಣುಮುಚ್ಚಿದಾಗಲೆಲ್ಲ ನೋಡುತ್ತಿದ್ದೆ. ಉಳಿದದ್ದು ಗ್ಯಾಸ್ ಗೀಸರು. ಅದನ್ನು ಸಾಲಿಯಲ್ಲಿ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ನಾನು ರೋಣದಲ್ಲಿ ವಿಜ್ಞಾನದ ಮಾಸ್ತರ. ಸವಡಿಯಿಂದ ಬರುವ ಸಹೋದ್ಯೋಗಿಯೊಬ್ಬರು ಬುತ್ತಿ ಬಿಚ್ಚುತ್ತ, "ಗ್ಯಾಸ್ ಗೀಸರಾ? ಹುಷಾರ್ರಿ. ಬಾಗಲಾ ಹಾಕ್ಕೊಂಡು ಜಳಕಾ ಮಾಡೂರು ಒಳಗ ಕುಂತಲ್ಲೇ ಹೋಗಿಬಿಡ್ತಾರಂತ. ವಾಸನಿ ಇಲ್ಲ, ಏನಿಲ್ಲ" ಎಂದು ಹೇಳಿ ನಿಶ್ಚಿಂತೆಯಿಂದ ರೊಟ್ಟಿ ಮುರಿದರು. ನನ್ನ ರೊಟ್ಟಿ ಡಬ್ಬಿಯಲ್ಲೇ ಉಳಿಯಿತು. ಗಾಳಿ ಸಾಲದೆ ಉರಿದ ಬೆಂಕಿ ಎಂಥ ಅನಿಲ ಬಿಡುತ್ತದೆಂದು ಮಕ್ಕಳಿಗೆ ಪಾಠ ಹೇಳುವವನೇ ನಾನು. ಗೊತ್ತಿದ್ದೂ ಹೆದರುವವನ ಹೆದರಿಕೆಗೆ ಮದ್ದಿಲ್ಲ.

ಆದರೂ ಹೆಂಡತಿ ನನ್ನನ್ನು ಪೇಟೆಯ ಅಂಗಡಿಗೆ ಹೊರಡಿಸಿ, ತಾನೂ ಜೊತೆಗೆ ಬಂದಳು. ಅಂಗಡಿಯವನು ಗೋಡೆಗೆ ತೂಗುಬಿಟ್ಟ ಬಿಳಿಯ ಪೆಟ್ಟಿಗೆಯೊಂದರ ಬೆನ್ನು ತಟ್ಟಿದ.

"ನಳಾ ತಿರುವಿದ್ರ ಹತ್ತತೈತಿ, ಬಂದ್ ಮಾಡಿದ್ರ ಆರತೈತಿ. ಅಷ್ಟರಿ, ಸರ."

"ಆರದಿದ್ರ?"

"ಆರತೈತ್ರಿ."

"ಆರಿದ ಮ್ಯಾಲೂ ಗ್ಯಾಸ್ ಬರಾಕಹತ್ತಿದ್ರ?"

"ಬರಂಗಿಲ್ರಿ."

"ಒಂದ ವ್ಯಾಳೆ ಬಂದ್ರ?"

ಅವನು ಪೆಟ್ಟಿಗೆಯಿಂದ ಕೈ ತೆಗೆದ. "ಸರ, ಸಿಟ್ಟಾಗಬ್ಯಾಡ್ರಿ. ಹೆಣ್ಣ ನೋಡಾಕ ಹೋದಾಗೂ ಹಿಂಗ ಕೇಳಿದ್ರೇನು?"

ನನ್ನ ಪಕ್ಕದಲ್ಲೇ ಇದ್ದ ಹೆಂಡತಿ, "ಇದಕ್ಕಿಂತ ಹೆಚ್ಚ ಕೇಳಿದ್ರು" ಎಂದಳು.

ಅಂಗಡಿಯವನು ನಕ್ಕು, ಕೊನೆಗೆ ಒಂದು ಮಾತು ಖರೇ ಹೇಳಿದ: "ಬಚ್ಚಲದಾಗ ಗಾಳಿ ಆಡಬೇಕ್ರಿ. ಗಾಳಿ ಇತ್ತಂದ್ರ ಅಂಜಿಕಿ ಇಲ್ಲ."

ಗಾಳಿ ತಾನೇ ಬೇಕಾದದ್ದು, ಗೀಸರನ್ನೇ ಹೊರಗಿಟ್ಟರಾಯಿತು ಎಂದುಕೊಂಡು ಅದನ್ನು ಹಿತ್ತಲಿನ ಹೊರಗೋಡೆಗೆ ಹಾಕಿಸಿದೆ. ಪೈಪು ಮಾತ್ರ ಬಚ್ಚಲಿನೊಳಗೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಆದರೆ ಮರೆತದ್ದು ನಮ್ಮ ಗುಡ್ಡವನ್ನು. ಕರೆಂಟು ತಯಾರಿಸುವ ಆ ದೊಡ್ಡ ಫ್ಯಾನುಗಳನ್ನು ನಮ್ಮ ಗುಡ್ಡದ ಮೇಲೆ ಯಾರೂ ಶೋಕಿಗೆ ನಿಲ್ಲಿಸಿಲ್ಲ. ಮೊದಲ ಜಳಕದ ನಡುವೆಯೇ ಗುಡ್ಡದಿಂದ ಬೀಸಿದ ಗಾಳಿಗೆ ಗೀಸರಿನ ಬೆಂಕಿ ಆರಿತು. ಒಳಗಿನಿಂದ ಅವ್ವನ ಕೂಗು ಕೇಳಿ ನಾನು ಅರ್ಧ ಸತ್ತೆ. ಆಕೆಯ ಮೈಮೇಲೆ ಬಿದ್ದದ್ದು ಬರೀ ತಣ್ಣೀರು.

"ಕಟಗಿ ಒಲಿ ಬಿಡಿಸಿ, ಮಳಿಗಾಲ ತಂದಿಟ್ಟಿಯಲ್ಲೋ ತಮ್ಮಾ!"

ಗೀಸರು ಒಳಗೆ ಬಂತು. ನನ್ನ ನಿದ್ದೆ ಹೊರಗೆ ಹೋಯಿತು. ಬಚ್ಚಲಿನ ಗೋಡೆಗೆ ಮೇಲೊಂದು, ಕೆಳಗೊಂದು ಕಿಂಡಿ ಕೊರೆಸಿದೆ. ಮನೆಯವರೆಲ್ಲರಿಗೂ ಕಾಯಿದೆ ಮಾಡಿದೆ: ಬಾಗಿಲು ತೆರೆದಿಟ್ಟುಕೊಂಡೇ ಬಕೆಟ್ಟು ತುಂಬಬೇಕು, ಗೀಸರು ಬಂದ್ ಮಾಡಬೇಕು, ಆಮೇಲೆ ಚಿಲಕ ಹಾಕಿ ಜಳಕ. ಅವ್ವ ತಲೆಯಾಡಿಸಿದಳು. ಮರುದಿನ ನೋಡಿದರೆ ಎರಡೂ ಕಿಂಡಿಗಳಲ್ಲಿ ಆಕೆಯ ಹಳೆಯ ಸೀರೆಯ ತುಂಡುಗಳು, ಬಾಟಲಿಗೆ ಬಿರಡೆ ಹಾಕಿದ ಹಾಗೆ. ಒಳಗಿನಿಂದ ಚಿಲಕ. ಗೀಸರು ಗುಂಯ್ ಎನ್ನುತ್ತಿತ್ತು. ನಾನು ಬಾಗಿಲು ಬಡಿದೆ.

"ಯವ್ವಾ! ಅದಿ ಏನ ಬೇ?"

"ಅದೀನೋ! ಎಲ್ಲಿ ಹೋಗ್ಲಿ, ಮೈಯೆಲ್ಲಾ ಸೋಪ ಐತಿ!"

ಹೊರಗೆ ಬಂದವಳಿಗೆ ಸೀರೆಯ ತುಂಡು ತೋರಿಸಿ, "ಬಚ್ಚಲಕ್ಕ ಗಾಳಿ ಬೇಕಂತ ಹೇಳಿದ್ನಿಲ್ಲ ಬೇ?" ಎಂದೆ.

ಆಕೆ ಒದ್ದೆ ಕೂದಲಿಗೆ ಟವೆಲು ಸುತ್ತುತ್ತ ನನ್ನನ್ನು ದಿಟ್ಟಿಸಿದಳು. "ಎಳಿ ಮಗಾ ಆಡಿದಂಗ ಆಡಬ್ಯಾಡ. ತಲಿಮ್ಯಾಲ ನೀರ ಹಾಕ್ಕೊಂಡಾಕಿಗೆ ಗಾಳಿ ಬಡಿತೈತಿ. ಬಡದ ಮ್ಯಾಲೆ ಅದನ್ನ ಬಿಡಸಾಕ ಇಟಗಿ ಗುಡಿಗೆ ನೀ ಹೊತಗೊಂಡ ಹೋಗ್ತಿಯೇನು?"

ಅಲ್ಲಿ ನನಗೆ ತೊಡಕು ಗೊತ್ತಾಯಿತು. ನಮ್ಮ ಮಾತಿನಲ್ಲಿ ಗಾಳಿ ಎಂದರೆ ಉಸಿರಾಡುವ ಗಾಳಿಯೂ ಹೌದು, ಹೆಂಗಸರಿಗೆ ಮೂರುಸಂಜೆಯಲ್ಲಿ, ಒದ್ದೆ ತಲೆಯಲ್ಲಿ ಬಡಿಯುವ ಪೀಡೆಯೂ ಹೌದು. ದಿನಾ ಬೆಳಗಾದರೆ ನಾನು ಅವ್ವನ ಮುಂದೆ ನಿಂತು, ಬಚ್ಚಲಿಗೆ ಗಾಳಿ ಬರಲಿ ಬರಲಿ ಎಂದು ಹಂಬಲಿಸುತ್ತಿದ್ದೆ. ಯಾವ ತಾಯಿ ಒಪ್ಪಿಯಾಳು?

ಮಾತು ಸೋತಲ್ಲಿ ಪ್ರಯೋಗ ಗೆಲ್ಲುತ್ತದೆ ಎಂಬುದು ವಿಜ್ಞಾನದ ಮಾಸ್ತರರ ಮೂಢನಂಬಿಕೆ. ಅವ್ವನನ್ನು ಕೂಡಿಸಿಕೊಂಡು, ಹಣತೆಯೊಂದನ್ನು ಹಚ್ಚಿ, ಅದರ ಮೇಲೆ ಗಾಜಿನ ಗ್ಲಾಸು ಬೋರಲು ಹಾಕಿದೆ. ಕುಡಿ ಸಣ್ಣದಾಯಿತು, ನಡುಗಿತು, ಹೊಗೆಯಾಯಿತು. "ನೋಡ್ದೇನ ಬೇ, ಗಾಳಿ ಇಲ್ಲಂದ್ರ ಹಿಂಗಾಗತೈತಿ" ಎಂದು ಗೆದ್ದವನಂತೆ ತಲೆಯೆತ್ತಿದೆ. ಅವ್ವನ ಮುಖ ಬಿಳಿಚಿತ್ತು.

"ಶುಕ್ರವಾರ ದಿವಸ, ಮನ್ಯಾಗ, ಹಚ್ಚಿದ ದೀಪಾ ಆರಸ್ತಿಯೇನೋ? ಕಲಿತ ಮಗನ ಅದಿ!"

ಅಂದು ಆಕೆ ಹಣತೆಗೆ ಮತ್ತೆ ಎಣ್ಣೆ ಹಾಕಿ, ಹಚ್ಚಿ, ನನ್ನ ಪರವಾಗಿ ಕೈಮುಗಿದಳು. ಕಿಂಡಿಯ ಬಟ್ಟೆಗಳು ಇನ್ನೂ ಬಿಗಿಯಾದವು.

ಆಮೇಲಿನ ದಿನಗಳಲ್ಲಿ ಅವ್ವನ ಜಳಕವೆಂದರೆ ನನಗೆ ಪರೀಕ್ಷೆ. ಹಿತ್ತಲಿನಿಂದ ಕಿಂಡಿಯ ಬಟ್ಟೆಯನ್ನು ಕಡ್ಡಿಯಿಂದ ಒಳಕ್ಕೆ ತಳ್ಳುತ್ತಿದ್ದೆ. ಆಕೆ ಒಳಗಿನಿಂದ ಮತ್ತೆ ತುರುಕುತ್ತಿದ್ದಳು. ತಂಬಿಗೆಯ ಸದ್ದು ಕೇಳಿದರೆ ಬದುಕಿದ್ದಾಳೆ; ನಿಂತರೆ ನನ್ನ ಎದೆಯ ಸದ್ದು ಶುರು. ರೋಣದ ಬಸ್ಸು ಎಷ್ಟೋ ಸಲ ತಪ್ಪಿತು. ಗೀಸರನ್ನೇ ಕಿತ್ತುಹಾಕೋಣವೆಂದರೆ ಹೊಗೆ, ಇಟ್ಟುಕೊಂಡರೆ ಇದು. ಒಂದು ಕಡೆ ಕಾಣುವ ಸಾವು, ಇನ್ನೊಂದು ಕಡೆ ಕಾಣದ ಸಾವು. ನಡುವೆ ಟವೆಲು ಹಿಡಿದು ನಿಂತವನು ನಾನು.

ನನ್ನ ಈ ಅವಸ್ಥೆ ನೋಡಲಾರದೆ ಹೆಂಡತಿ ಒಂದು ಬೆಳಿಗ್ಗೆ ಅವ್ವನ ಪಕ್ಕ ಕೂತು, ಬದನೆಕಾಯಿ ಹೆಚ್ಚುತ್ತ, ಯಾರದೋ ಮನೆಯ ಸುದ್ದಿ ಹೇಳುವ ದನಿಯಲ್ಲಿ ಅಂದಳು:

"ಅತ್ತಿ, ಆ ಗೀಸರಕ್ಕ ದಮ್ಮ ಐತ್ರಿ."

ಅವ್ವ ತಲೆಯೆತ್ತಿದಳು. "ಏನಂದಿ?"

"ಹೂನ್ರಿ. ನಿಮಗ ಹೊಗಿ ತುಂಬಿದ್ರ ಹ್ಯಾಂಗ ಎದಿ ಕಟ್ಟತೈತಿ, ಅದಕ್ಕೂ ಹಂಗ. ಕಿಂಡಿ ಮುಚ್ಚಿದ್ರ ಉಸರಾಡಾಕ ಆಗಂಗಿಲ್ಲ. ಒಂದ ಸವನ ಹಚ್ಚಿ ಬಿಟ್ರಂತೂ ಮುಗೀತು. ಅದು ಬಿಟ್ಟ ಕೆಟ್ಟ ಉಸರ ನಿಮ್ಮ ಎದ್ಯಾಗ ಹೋಗತೈತಿ."

ದಮ್ಮು ಎಂದರೆ ಏನೆಂದು ಅವ್ವನಿಗೆ ಯಾರೂ ದೀಪ ಆರಿಸಿ ತೋರಿಸಬೇಕಾಗಿರಲಿಲ್ಲ. "ಪಾಪ," ಎಂದಳು. ನನ್ನ ಕಡೆ ತಿರುಗಿ, "ಇದನ್ನ ಮೊದಲ ಹೇಳಾಕ ನಿನಗೇನಾಗಿತ್ತೋ? ಬರೇ ಗಾಳಿ ಗಾಳಿ ಅಂತ ಕುಣೀತಿದ್ದಿ!"

ಎದ್ದು ಹೋಗಿ ತಾನೇ ಎರಡೂ ಬಟ್ಟೆಗಳನ್ನು ಎಳೆದು ತೆಗೆದಳು. ತನಗೆ ಗಾಳಿ ಬಡಿಯದಿರಲೆಂದು ಮೇಲಿನ ಕಿಂಡಿಯ ಸರಳಿಗೆ ಒಂದಿಷ್ಟು ಬೇವಿನ ಸೊಪ್ಪನ್ನು ಸಿಕ್ಕಿಸಿದಳು. ಸೊಪ್ಪಿನ ಸಂದಿಯಲ್ಲಿ ಗಾಳಿ ಧಾರಾಳವಾಗಿ ಆಡುತ್ತದೆ ಎಂದು ಕೈಯಿಟ್ಟು ನೋಡಿ ಖಾತ್ರಿ ಮಾಡಿಕೊಂಡು ನಾನೂ ಸುಮ್ಮನಾದೆ.

ಮರುದಿನ ಬೆಳಿಗ್ಗೆ ಆಕೆ ಜಳಕಕ್ಕೆ ಹೋದಳು. ನೀರು ಬೀಳುವ ಸದ್ದು, ಗೀಸರಿನ ಗುಂಯ್. ಆಮೇಲೆ ಗೀಸರಿನ ಸದ್ದು ನಿಂತಿತು. ನೀರಿನದೂ ನಿಂತಿತು. ಚಿಲಕ ಬಿತ್ತು. ತಂಬಿಗೆಯ ಸದ್ದು ಬರಲಿಲ್ಲ. ಕಾದೆ. ಬರಲಿಲ್ಲ. ಬೇವು, ಕಿಂಡಿ, ಖಾತ್ರಿ ಎಲ್ಲ ಮರೆತು ಎರಡೂ ಕೈಯಿಂದ ಬಾಗಿಲು ಗುದ್ದಿದೆ.

"ಯವ್ವಾ! ಯವ್ವಾ!"

"ಸಾವಕಾಶ ಮಾತಾಡೋ!" ಅವ್ವನ ದನಿ ತಗ್ಗಿತ್ತು, ಮಗು ಮಲಗಿದ ಮನೆಯಲ್ಲಿ ಮಾತಾಡುವ ಹಾಗೆ. "ಬಕೀಟ ತುಂಬತು, ಅದನ್ನ ಬಂದ್ ಮಾಡೀನಿ. ಭಾಳ ದಣದಿತ್ತು. ಅದರ ಉಸರ ಹೊರಗ ಹೋಗಲಿ, ಆಮ್ಯಾಲ ನೀರ ಹಾಕ್ಕೋತೀನಿ."

ನಾನು ಹೇಳಿ ಹೇಳಿ ಸೋತ ಕಾಯಿದೆ ಅಕ್ಷರಶಃ ಅದೇ. ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಒಳಗೆ ತಂಬಿಗೆ ಬಕೆಟ್ಟಿಗೆ ತಾಗಿತು, ನೀರು ಚೆಲ್ಲಿತು. ಮತ್ತೊಂದು ತಂಬಿಗೆ. ಮತ್ತೊಂದು.

"ಇನ್ನೂ ಅಲ್ಲೇ ಕುಂತಿಯೇನೋ?"

"ಇಲ್ಲ ಬೇ, ಹೋದೆ" ಎಂದು ಅಲ್ಲೇ ಕೂತಿದ್ದೆ.