ಬಾವಿಯ ಮೇಲಣ ನೀಲಗಿರಿ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ಶೀತವೆಂದು ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡರೆ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ. ಹೊಸದಾಗಿ ಬಂದ ಟೀಚರುಗಳು ಇದನ್ನು ಜಂಬ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಎಲ್ಲರ ಕಟ್ಟಿದ ಮೂಗು ಬಿಡಿಸುವ ಆ ವಾಸನೆಗೆ ನನ್ನ ಬಾಯಿ ಒಣಗುತ್ತದೆ. ಹೊರಗೆ ಬಂದು ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಸಾದಲಿ ಹತ್ತಿರದ ನಮ್ಮ ಊರು, ಬೆಟ್ಟದ ಬುಡದ ಕೆಂಪು ಹೊಲ, ಅದರ ಕೆಳಗಿದ್ದ ಕಲ್ಲು ಕಟ್ಟಡದ ಬಾವಿ, ಬಾವಿಯ ದಡದಲ್ಲಿ ಸೀರೆ ಎತ್ತಿ ಕಟ್ಟಿ ನಿಂತ ಸೊಣ್ಣತ್ತೆ, ಎಲ್ಲವೂ ಕಣ್ಣ ಮುಂದೆ ಬಂದಿರುತ್ತವೆ. ನಿಮ್ಮೂರಿನಲ್ಲೂ ಇಂಥದ್ದೊಂದು ಬಾವಿ ಇದ್ದಿರಬೇಕು. ಇದ್ದಿದ್ದರೆ ನಾನು ಹೇಳುವುದು ನಿಮಗೆ ಅರ್ಥವಾಗುತ್ತದೆ, ಹೆಚ್ಚು ವಿವರಿಸಬೇಕಾಗಿಲ್ಲ.

ಸೊಣ್ಣಮ್ಮ ನನ್ನ ಅಪ್ಪನ ತಂಗಿ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ತಾತ ಸಾಯುವ ಮೊದಲು ಬಾವಿಯ ಪಕ್ಕದ ಸೊಪ್ಪಿನ ತೋಟವನ್ನು, ಅಂದರೆ ಹಿಪ್ಪುನೇರಳೆ ಹಾಕಿದ್ದ ತುಂಡು ಜಮೀನನ್ನು, ಅವಳ ಜೀವನಕ್ಕೆಂದು ಬಿಟ್ಟಿದ್ದ. ಮೇಲಿನ ಕೆಂಪು ಹೊಲ ಅಪ್ಪನದು. ಹಜಾರದ ಅರ್ಧಭಾಗ ಅತ್ತೆಯ ರೇಷ್ಮೆ ಹುಳುಗಳದು. ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಜೋಡಿಸಿರುತ್ತಿದ್ದವು, ಅವುಗಳಿಂದ ಹಸಿ ಸೊಪ್ಪಿನ, ಹಿಕ್ಕೆಯ, ಸುಣ್ಣದ ವಾಸನೆ ಬೆರೆತು ಬರುತ್ತಿತ್ತು, ಮತ್ತು ನಾವು ಮಕ್ಕಳು ಆ ವಾಸನೆಯಲ್ಲೇ ಉಂಡು ಅಲ್ಲೇ ಮಲಗುತ್ತಿದ್ದೆವು. ಹುಳು ಪೊರೆ ಬಿಡುವಾಗ ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುವಿಗೆ ಜ್ವರ ಬಂದ ದಿನ ಅತ್ತೆಯೂ ಸರಿಯಾಗಿ ಉಣ್ಣುತ್ತಿರಲಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಅವು ತಿನ್ನುವುದನ್ನು ನೋಡಬೇಕು. ಮೊರದಲ್ಲಿ ರಾಗಿ ಕೇರಿದ ಹಾಗೆ ಮನೆಯೆಲ್ಲ ಸರಸರ ಸದ್ದು. ಬುಟ್ಟಿ ಬುಟ್ಟಿ ಸೊಪ್ಪು ತಂದು ಸುರಿದರೂ ಸಾಲದು.

ಸೊಪ್ಪಿಗೆ ನೀರು, ನೀರಿಗೆ ಬಾವಿ. ಬಾವಿಯ ಒಳಗೋಡೆಗೆ ಚಪ್ಪಡಿ ಕಲ್ಲಿನ ಮೆಟ್ಟಿಲುಗಳಿದ್ದವು. ಬೆಳಗ್ಗೆ ಎದ್ದ ಕೂಡಲೇ ನನ್ನ ಕೆಲಸ ಓಡಿಹೋಗಿ ನೀರಿನ ಮೇಲೆ ಕಾಣುವವನ್ನು ಎಣಿಸಿ ಬರುವುದು. "ಎಷ್ಟು ಕಾಣ್ತವೆ ಪದ್ದಮ್ಮ?" ಎಂದು ಅತ್ತೆ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು. "ಏಳು" ಎಂದರೆ ಸುಮ್ಮನೆ ತಲೆಯಾಡಿಸುವಳು. "ಹತ್ತು" ಎಂದರೆ ಎರಡನೇ ಸಲ ಎಣಿಸಲು ಕಳಿಸುವಳು, ನಾನೇ ತಪ್ಪು ಎಣಿಸಿ ನೀರನ್ನು ಇಳಿಸಿಬಿಟ್ಟೆನೇನೋ ಎಂಬಂತೆ. ಬೇಸಿಗೆಯಲ್ಲಿ ಮೆಟ್ಟಿಲು ಕಾಣುವುದು, ಮಳೆಗಾಲದಲ್ಲಿ ಮುಳುಗುವುದು ನನಗೆ ಹಬ್ಬ ಬಂದು ಹೋಗುವಷ್ಟೇ ಸಹಜವಾಗಿತ್ತು. ಕೊನೆಯ ಮೆಟ್ಟಿಲು ಯಾವುದು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದನ್ನು ಯಾರೂ ನೋಡಿರಲಿಲ್ಲ.

ಅಪ್ಪ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಗ್ಗೆ, ಸಂಜೆ ಹಾಲು ಅಳೆಯುವುದರಲ್ಲೇ ಅವನ ಹೊತ್ತು ಹೋಗುತ್ತಿತ್ತು, ಕೆಂಪು ಹೊಲದಲ್ಲಿ ರಾಗಿ, ಅವರೆ ಬೆಳೆಯಲು ಪುರುಸೊತ್ತಿಲ್ಲ, ಆಳುಗಳೂ ಸಿಗುತ್ತಿರಲಿಲ್ಲ. ಆಗಲೇ ನಮ್ಮ ಸೀಮೆಯಲ್ಲೆಲ್ಲ ನೀಲಗಿರಿಯ ಮಾತು ಶುರುವಾದದ್ದು. ಸರ್ಕಾರಿ ಜೀಪಿನಲ್ಲಿ ಬಂದವರು ಸಸಿ ಕೊಟ್ಟರು, ಗಿಡ ನೆಡುವುದು ದೇಶಸೇವೆ ಎಂದರು. ಅಪ್ಪ ಅದನ್ನು ಮನಸಾರೆ ನಂಬಿದ. ಅವನು ಆಸೆಬುರುಕನಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಊರಿಗೆ ನೆರಳಾಗುತ್ತದೆ, ಮಳೆ ಬರುತ್ತದೆ ಎಂದೇ ಅವನು ಸಾಲು ಹಿಡಿದು ನೆಟ್ಟದ್ದು. "ಕಾವ್ಲು ಬೇಕಾಗಿಲ್ಲ, ಮೇಕೆ ಮೂಸಿನೂ ನೋಡಲ್ಲ," ಎಂದು ಖುಷಿಯಿಂದ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅತ್ತೆ ಸೊಪ್ಪು ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಿ, "ಮೇಕೆನೇ ಬಾಯಿ ಹಾಕ್ದೇ ಇರೋದು ಯಾವ್ ಸೀಮೆ ಗಿಡ ಅಣ್ಣಾ?" ಎಂದಳು. ಅಪ್ಪ ನಕ್ಕ. ನಾವೆಲ್ಲರೂ ನಕ್ಕೆವು.

ನೀಲಗಿರಿ ಬೇಗ ಬೆಳೆಯಿತು. ನಾಲ್ಕೈದು ವರ್ಷಕ್ಕೆ ಊರವರು ನಿಂತು ನೋಡುವಂತಾಯಿತು. ತಾಲ್ಲೂಕಿನಿಂದ ಬಂದವರು ಅಪ್ಪನಿಗೆ ಶಾಲು ಹೊದಿಸಿದರು. ಅದರ ಬುಡದಲ್ಲಿ ಮಾತ್ರ ಹುಲ್ಲು ಬರಲಿಲ್ಲ. ಒಣಗಿದ ಎಲೆ ಕಾಲಡಿಯಲ್ಲಿ ಪರಪರ ಎನ್ನುತ್ತಿತ್ತು, ಒಂದು ಹಕ್ಕಿಯ ಗೂಡೂ ಕಾಣುತ್ತಿರಲಿಲ್ಲ. ಇತ್ತ ನನ್ನ ಎಣಿಕೆ ಹದಿಮೂರಕ್ಕೆ ಬಂತು, ಹದಿನೆಂಟಕ್ಕೆ ಬಂತು. ಒಂದು ವರ್ಷ ಮಳೆಗಾಲ ಮುಗಿದ ಮೇಲೂ ಬೇಸಿಗೆಯಲ್ಲಿದ್ದಷ್ಟೇ ಮೆಟ್ಟಿಲು ಕಂಡಾಗ ಅತ್ತೆ ನನ್ನನ್ನು ಎರಡನೇ ಸಲ ಕಳಿಸಲಿಲ್ಲ. ತಾನೇ ಹೋಗಿ ದಡದ ಮೇಲೆ ಕೂತಳು.

ಅದರ ಮುಂದಿನ ಬೇಸಿಗೆಯಲ್ಲಿ ಆದದ್ದನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹುಳು ನಾಲ್ಕನೇ ಜ್ವರ ಎದ್ದಿದ್ದವು, ಬಾಯಿ ತೆರೆದು ಕಾಯುತ್ತಿದ್ದವು, ಮೋಟಾರು ಹಾಕಿದರೆ ಪೈಪಿನಿಂದ ಗಾಳಿ ಬರುತ್ತಿತ್ತು. ತೋಟದಲ್ಲಿ ಸೊಪ್ಪು ಬಾಡಿ ಜೋಲುಬಿದ್ದಿತ್ತು. ಅತ್ತೆ ಜಂಗಮಕೋಟೆಯವರೆಗೆ ಸೊಪ್ಪು ಹುಡುಕಿಕೊಂಡು ಹೋದಳು, ಒಂದು ಮೂಟೆ ಸಿಕ್ಕಿತು, ಒಂದು ಹೊತ್ತಿಗೆ ಮುಗಿಯಿತು. ಎರಡನೇ ದಿನ ಮನೆಯಲ್ಲಿ ಆ ಸರಸರ ಸದ್ದು ನಿಂತುಹೋಯಿತು. ಮೂರನೇ ದಿನ ನಾನೂ ಅವಳೂ ತಟ್ಟೆ ತಟ್ಟೆ ಹುಳುವನ್ನು ತಿಪ್ಪೆಗುಂಡಿಗೆ ಸುರಿದೆವು. ಇನ್ನೂ ಜೀವ ಇತ್ತು, ತಲೆ ಎತ್ತಿ ಅತ್ತಿತ್ತ ತಿರುಗಿಸುತ್ತಿದ್ದವು. ಅಷ್ಟರಲ್ಲಿ ಅಪ್ಪ ಡೈರಿಯಿಂದ ಬಂದು ಗುಂಡಿಯ ಹತ್ತಿರ ನಿಂತು, "ಮಳೆನೇ ಆಗ್ಲಿಲ್ವಲ್ಲ ಸೊಣ್ಣಿ, ಯಾರ್ ಏನ್ ಮಾಡಕ್ಕಾಗ್ತದೆ?" ಎಂದ. ಅತ್ತೆ ಬೈಯುವಾಗ ತೆಲುಗಿಗೆ ತಿರುಗುತ್ತಿದ್ದಳು, ಊರಿಗೆಲ್ಲ ಅದು ಗೊತ್ತಿತ್ತು. ಅವತ್ತು ಬೈಯಲಿಲ್ಲ. ತಟ್ಟೆ ಕೆಳಗಿಟ್ಟು ಮೇಲಿನ ಹೊಲದ ಕಡೆ ನೋಡಿದಳು.

"ಊರೆಲ್ಲ ಒಣಗಿದೆ. ನಿನ್ನ ಗಿಡ ಮಾತ್ರ ಹಸ್ರಾಗವಲ್ಲಪ್ಪ ಅಣ್ಣಯ್ಯ."

ಆ ವರ್ಷವೇ ಅತ್ತೆ ಶಿಡ್ಲಘಟ್ಟಕ್ಕೆ ಹೋಗಿ ಗೂಡು ಬಿಚ್ಚುವ ಕಡೆ ಕೆಲಸಕ್ಕೆ ಸೇರಿದಳು. ತಾನು ಬೆಳೆಸುತ್ತಿದ್ದ ಗೂಡನ್ನು ಈಗ ಬೇರೆಯವರಿಗಾಗಿ ಬಿಸಿನೀರಿನಲ್ಲಿ ಅದ್ದಿ ಎಳೆ ಹುಡುಕುವ ಕೆಲಸ. ರಜೆಯಲ್ಲಿ ನಾನು ನೋಡಲು ಹೋದಾಗ ಅವಳ ಬೆರಳು ಬೆಂದು ಬಿಳುಚಿಕೊಂಡಿದ್ದವು, ತಲೆ ಸವರಿದರೆ ಒರಟೊರಟು. ಊರಿಗೆ ಬಾ ಅತ್ತೆ ಎಂದರೆ, "ಬರ್ತೀನಿ ಬಿಡಮ್ಮ, ನೀರ್ ಬರ್ಲಿ," ಎನ್ನುತ್ತಿದ್ದಳು. ನೀರೂ ಬರಲಿಲ್ಲ, ಅವಳೂ ಬರಲಿಲ್ಲ. ಬಾಡಿಗೆ ಕೋಣೆಯಲ್ಲೇ ಕೆಮ್ಮಿ ಕೆಮ್ಮಿ ಹೋದಳು. ಅವಳು ಹೋದ ಮೇಲೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ, ಹಜಾರದಲ್ಲಿ ಸಿಮೆಂಟು ಮೂಟೆ ಪೇರಿಸಿದರು, ಆಮೇಲೆ ಮನೆಯನ್ನೇ ಕೆಡವಿದರು.

ಬೋರ್‌ವೆಲ್ಲುಗಳ ಪಾಲು ಇಲ್ಲವೇ, ಕೆರೆ ಕಾಲುವೆ ಮುಚ್ಚಿದ್ದರ ಪಾಲು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ನನಗೂ ಗೊತ್ತು. ಆದರೆ ನಮ್ಮ ಜನಕ್ಕೆ ಒಂದು ಒಳ್ಳೆ ಅಭ್ಯಾಸವಿದೆ, ಹತ್ತು ಕಾರಣ ಇದ್ದರೆ ತಮ್ಮ ಹೊಲದಲ್ಲಿರುವ ಒಂದನ್ನು ಬಿಟ್ಟು ಉಳಿದ ಒಂಬತ್ತರ ಬಗ್ಗೆ ಭಾಷಣ ಮಾಡುತ್ತಾರೆ. ನಾನೂ ಇಪ್ಪತ್ತು ವರ್ಷ ಅದನ್ನೇ ಮಾಡಿದೆ. ಪ್ರತಿ ಜೂನ್‌ನಲ್ಲಿ ಮಕ್ಕಳ ಕೈಗೆ ಸಸಿ ಕೊಟ್ಟು ಫೋಟೋ ತೆಗೆಸಿಕೊಂಡೆ, ಪರಿಸರ ನಮ್ಮ ಹೊಣೆ ಎಂದು ಬೋರ್ಡಿನ ಮೇಲೆ ಬರೆದೆ. ಮೇಲಿನ ಹೊಲದಲ್ಲಿ ನೀಲಗಿರಿ ಕಡಿದಷ್ಟೂ ಬುಡದಿಂದ ಚಿಗುರುತ್ತಲೇ ಇತ್ತು.

ಹೋದ ವರ್ಷ ಐದನೇ ಕ್ಲಾಸಿನ ಮಕ್ಕಳನ್ನು ಹೊಲ ತೋರಿಸಲು ಕರೆದುಕೊಂಡು ಹೋಗಿದ್ದೆ. ಒಬ್ಬಳು ಹುಡುಗಿ ನಮ್ಮ ಬಾವಿಯೊಳಗೆ ಬಗ್ಗಿ ನೋಡಿ, "ಮಿಸ್, ಈ ಗುಂಡಿಗೆ ಯಾಕೆ ಮೆಟ್ಲು ಕಟ್ಟವ್ರೆ?" ಎಂದು ಕೇಳಿದಳು. ಕಟ್ಟಕಡೆಯ ಮೆಟ್ಟಿಲೂ ಅದರ ಕೆಳಗಿನ ಒಣ ಕಲ್ಲೂ ಕಾಣುತ್ತಿದ್ದವು. ಅದು ಬಾವಿ ಎಂದು ಅವಳಿಗೆ ತಿಳಿದಿರಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ. ನನಗೆ ಮಕ್ಕಳ ಮುಂದೆ ಅಳು ಬಂತು, ಅತ್ತೆ.

ಸಂಜೆ ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ, ನೀಲಗಿರಿಯನ್ನು ಬುಡಸಮೇತ ಕೀಳಿಸುತ್ತೇನೆಂದು. ಅಪ್ಪ ಈಗ ನನ್ನ ಜೊತೆಗೇ ಇದ್ದಾನೆ, ಎಂಬತ್ತು ದಾಟಿದೆ.

"ನಾನ್ ನೆಟ್ಟಿದ್ದು ಕಣೇ ಅವು," ಎಂದ.

"ಹೌದು. ನೀನೇ ನೆಟ್ಟಿದ್ದು," ಎಂದೆ.

ನಾಲ್ಕು ದಿನ ನನ್ನ ಕೈಯಿಂದ ಅವನು ಕಾಫಿ ತೆಗೆದುಕೊಳ್ಳಲಿಲ್ಲ. ಊರಿನಲ್ಲೂ ಮಾತು ಹಬ್ಬಿತು. "ಮಕ್ಳಿಗೆಲ್ಲ ಗಿಡ ನೆಡಿ ಅಂತೀರ, ನೀವೇ ಕೀಳಿಸ್ತೀರಂತಲ್ಲ ಮೇಡಂ," ಎಂದು ಬಸ್‌ ಸ್ಟಾಪಿನಲ್ಲಿ ನಗಾಡಿದರು. ಕೀಳಿಸುತ್ತೇನೆ. ಮರ ಎಂದ ಮಾತ್ರಕ್ಕೆ ಕೈ ಮುಗಿಯುವ ವಯಸ್ಸು ನನ್ನದು ಮುಗಿದಿದೆ. ನೆಲ ಕಾಯುವುದೆಂದರೆ ನೆಡುವುದಷ್ಟೇ ಅಲ್ಲ, ತಪ್ಪು ನೆಟ್ಟದ್ದನ್ನು ಬೈಸಿಕೊಂಡಾದರೂ ಕೀಳುವುದು. ನೀರು ಮೇಲೆ ಬರುತ್ತದೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ. ನನ್ನ ಕಾಲಕ್ಕೆ ಬರದೇ ಇರಬಹುದು. ಬರದಿದ್ದರೂ ಕೀಳಿಸುತ್ತಿದ್ದೆ.

ಜೆಸಿಬಿ ಎರಡು ದಿನ ಕೆಲಸ ಮಾಡಿತು. ಅಪ್ಪ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮೆಷಿನ್ ಹೋದ ಮೇಲೆ ಕೋಲೂರಿಕೊಂಡು ಎದ್ದ. ಹಳ್ಳ ದಿಣ್ಣೆಯಾಗಿದ್ದ ಹೊಲದಲ್ಲಿ ನಿಧಾನವಾಗಿ ನಡೆದು, ಬಾವಿಯ ಕಡೆಯ ಮೂಲೆಯಲ್ಲಿ ನಿಂತು ಮಣ್ಣನ್ನು ಕೋಲಿನಿಂದ ಕುಟ್ಟಿದ. "ಇಲ್ಲೊಂದು ಬಿಟ್ಟಿದೀಯ ನೋಡು. ಹಾರೆ ತಗೊಂಡ್ ಬಾ," ಎಂದ. ಓಡಿಹೋಗಿ ಹಾರೆ ತಂದೆ. ಮಣ್ಣು ಸರಿಸಿದರೆ ಹಳೇ ಬೊಡ್ಡೆ, ಅದರಲ್ಲಿ ಆಗಲೇ ಎಳೇ ಚಿಗುರು. ನಾನು ಹಾರೆ ಹಾಕಿದೆ, ಅವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕೈಯಿಂದ ಮಣ್ಣು ಬಾಚಿ ಹಾಕುತ್ತಿದ್ದ. ಅವನು ನನ್ನ ಹತ್ತಿರ ತಪ್ಪಾಯಿತು ಎನ್ನಲಿಲ್ಲ. ಅಂದಿದ್ದರೂ ಅದನ್ನು ಕೇಳಿಸಿಕೊಳ್ಳಬೇಕಾದವಳು ನಾನಲ್ಲ. ಬೊಡ್ಡೆ ಕದಲಿತು, ಆದರೆ ಮೇಲೆ ಬರಲಿಲ್ಲ. ಒಂದು ಬೇರು ಬಿಗಿಯಾಗಿ ಹಿಡಿದಿತ್ತು, ನನ್ನ ತೋಳಿಗಿಂತ ದಪ್ಪ. ಅದನ್ನೇ ಹಿಡಿದು ಒಂದು ಮಾರು ಅಗೆದೆ, ಎರಡು ಮಾರು ಅಗೆದೆ. ಆ ಬೇರು ಎತ್ತಲೂ ತಿರುಗದೆ ನೆಟ್ಟಗೆ ಬಾವಿಯ ಕಡೆಗೇ ಹೋಗಿತ್ತು. ನಾನು ಹಾರೆ ನಿಲ್ಲಿಸಿ ಅಪ್ಪನ ಮುಖ ನೋಡಿದೆ. ಅವನು ಬೇರನ್ನೇ ನೋಡುತ್ತಿದ್ದ.

"ಅಗಿಯಮ್ಮ," ಎಂದ. "ಬಾವಿವರ್ಗೂ ಅಗಿ."